ಕೆರೆ ಗೋಡು ಹೊಡೆಸಿದ ಹೊಲದಲ್ಲಿ ಆನೆ ಕಾಸು ಸಿಕ್ಕಿದೆ: ಬೆಲೆ ಎಷ್ಟು, ಯಾರಿಗೆ ಹೇಳಬೇಕು?

ಪಿನಾಕಿನಿ ದಂಡೆ, ಗೌರಿಬಿದನೂರು

ಎಲ್ಲರಿಗೂ ನಮಸ್ಕಾರ. ಗುಡಿಬಂಡೆ ಕಡೆ ನಮ್ಮ ಮಾವನವರ ಹೊಲ ಇದೆ. ಹೋದ ಬೇಸಿಗೆಯಲ್ಲಿ ಊರ ಕೆರೆ ಹೂಳೆತ್ತಿದಾಗ ಅವರೂ ಟ್ರ್ಯಾಕ್ಟರ್‌ನಲ್ಲಿ ಗೋಡು ಹೊಡೆಸಿದ್ದರು. ಈ ಸಲ ಮಳೆ ಬಿದ್ದು ಉಳುಮೆ ಆದ ಮೇಲೆ ಸಾಲಿನಲ್ಲಿ ಒಂದು ಹಸಿರು ಬಿಲ್ಲೆ ಕಂಡಿತು. ಅಷ್ಟೇ ಸಾಕಾಯಿತು, ನನ್ನ ಭಾಮೈದ ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಬಿಟ್ಟ.

ಇಲ್ಲಿವರೆಗೆ ಸಿಕ್ಕಿದ್ದು ಇಷ್ಟು. ತಾಮ್ರದ ಕಾಸು ನಾಲ್ಕು, ಅದರಲ್ಲಿ ಎರಡರ ಮೇಲೆ ಆನೆ ಇದೆ. ಒಂದು ಬೆಳ್ಳಿ ರೂಪಾಯಿ, ರಾಣಿ ತಲೆ, 1862. ಸೀಸದ ಗೋಲಿಯಂಥದ್ದು ಒಂದು, ಸಣ್ಣದಾದರೂ ಕೈಗೆ ಭಾರ. ಇನ್ನು ಎತ್ತಿನ ಲಾಳ, ಮೊಳೆ, ಗುಟ್ಕಾ ಚೀಟಿ ಇವೆಲ್ಲ ಒಂದು ಮಂಕರಿ.

ಸಂತೆಯಲ್ಲಿ ಹಳೇ ಪಾತ್ರೆ ಕೊಳ್ಳುವವರು ಎಲ್ಲ ಸೇರಿ ಎರಡು ಸಾವಿರ ಎಂದರು. ಯೂಟ್ಯೂಬ್ ನೋಡಿದರೆ ಆನೆ ಕಾಸಿಗೆ ಐದು ಲಕ್ಷ ಅಂತಾರೆ. ನಮ್ಮತ್ತೆ ಹುಣಸೆಹಣ್ಣು ನೆನೆಸಿಟ್ಟುಕೊಂಡು ಕೂತಿದ್ದಾರೆ, ಉಜ್ಜಿ ಫಳಫಳ ಮಾಡಿಕೊಡ್ತೀನಿ ಅಂತ. ಏನು ಮಾಡಲಿ?

ಕಾಸಿನ ಸಂಚಿ, ಕೋಲಾರ

ಮೊದಲು ಆ ಹುಣಸೆಹಣ್ಣು ಸಾರಿಗೆ ಹಾಕಿಸಿ. ಕಾಸಿಗೆ ಬೇಡ.

ತಾಮ್ರದ ಮೇಲೆ ಕೂತಿರುವ ಕಂದು, ಹಸಿರು ಪದರ ಕೊಳೆ ಅಲ್ಲ. ನೂರಾರು ವರ್ಷ ಮಣ್ಣಲ್ಲಿದ್ದು ಲೋಹವೇ ಕಟ್ಟಿಕೊಂಡ ಹೊದಿಕೆ. ಅಕ್ಷರ, ಆನೆಯ ಸೊಂಡಿಲು ಎಲ್ಲ ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತದೆ. ಹುಣಸೆ, ನಿಂಬೆ, ಪೀತಾಂಬರಿ ಪುಡಿ ಯಾವುದು ಹಾಕಿದರೂ ಪದರ ಕರಗಿ ಕೆಳಗೆ ಗುಳಿಬಿದ್ದ ಕೆಂಪು ತಾಮ್ರ ಕಾಣುತ್ತದೆ. ಫಳಫಳ ಹೊಳೆಯುವ ಟಿಪ್ಪು ಕಾಸು ಕಂಡರೆ ಸಂಗ್ರಹ ಮಾಡುವವರು ಮುಖ ತಿರುಗಿಸುತ್ತಾರೆ. ಬೆಲೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದರಲ್ಲಿ ನೆನೆಯಲು ಬಿಡಿ, ನೀರು ಬದಲಿಸುತ್ತಾ ಇರಿ. ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ. ಪಿನ್ನು, ಬ್ಲೇಡು ಮುಟ್ಟಬೇಡಿ. ಚೆನ್ನಾಗಿ ಒಣಗಿಸಿ. ಆಮೇಲೂ ಎಲ್ಲಾದರೂ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹ ತಿನ್ನುವ ರೋಗ, ಮಣ್ಣಿನ ಉಪ್ಪಿನಿಂದ ಬರುತ್ತದೆ. ಆ ಕಾಸನ್ನು ಬೇರೆ ಇಡಿ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಪಾಕೆಟ್ ಆಲ್ಬಂ ಬೇಡವೇ ಬೇಡ. ಪಿವಿಸಿ ಹಾಳೆ ಕಾಲಕ್ರಮೇಣ ಅಂಟಂಟಾಗಿ ತಾಮ್ರವನ್ನು ಹಾಳು ಮಾಡುತ್ತದೆ. ಸದ್ಯಕ್ಕೆ ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ.

ಬೆಲೆ ಆಮೇಲೆ. ಮೊದಲು ತೂಕ ಬೇಕು. ಅಂಗಡಿ ತಕ್ಕಡಿ ಆಗೋದಿಲ್ಲ, ಚಿನ್ನದ ಅಂಗಡಿಗೆ ಹೋಗಿ ತೂಗಿಸಿ. ಅಡ್ಡಳತೆ ಮಿಲಿಮೀಟರ್‌ನಲ್ಲಿ ಬರೆಯಿರಿ. ಫೋಟೋ ತೆಗೆಯುವಾಗ ಫ್ಲಾಶ್ ಬೇಡ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಕಿಟಕಿ ಹತ್ತಿರ ಇಟ್ಟು ತೆಗೆದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ.

ಚಿಂತಾಮಣಿ ಟೊಮ್ಯಾಟೊ

ಐದು ಲಕ್ಷ ಕೊಡೋರು ಸಿಕ್ಕರೆ ನನ್ನ ನಂಬರೂ ಕೊಡಿ ಅಣ್ಣ 😄

ಶಿರಾ ಕಡ್ಲೆಕಾಯಿ

ಡಿಟೆಕ್ಟರ್ ಯಾವುದು? ನಮ್ಮ ಕಡೆ ಕೆಂಪು ಮಣ್ಣಿನಲ್ಲಿ ಆನ್ ಮಾಡಿದರೆ ಸಾಕು, ಸುಮ್ನೆ ಕೂಗುತ್ತಲೇ ಇರುತ್ತೆ.

ಕಾಯಿಲ್ ಮಂಜ, ತಿಪಟೂರು

ಶಿರಾ ಅಣ್ಣ, ತಪ್ಪು ಮೆಷಿನ್‌ದಲ್ಲ, ಮಣ್ಣಿನದು. ನಮ್ಮ ಕೆಂಪು ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ. ಚಿಕ್ಕನಾಯಕನಹಳ್ಳಿ ಕಡೆ ಹೋದರೆ ಕಬ್ಬಿಣ, ಮ್ಯಾಂಗನೀಸ್ ಗಣಿಗಳೇ ಇವೆ, ಅಲ್ಲಿ ಕಲ್ಲೂ ಕೂಗುತ್ತೆ. ಏನೂ ಇಲ್ಲದ ಜಾಗ ನೋಡಿ ಕಾಯಿಲನ್ನು, ಅಂದರೆ ಮೆಷಿನ್ ತುದಿಯ ತಟ್ಟೆಯನ್ನು, ನೆಲದಿಂದ ಮೇಲೆ ಕೆಳಗೆ ಆಡಿಸುತ್ತಾ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು, ಅಂದರೆ ಮಣ್ಣಿನ ಸದ್ದಿಗೆ ಮೆಷಿನ್ ಹೊಂದಿಸಬೇಕು. ಹೊಲದ ಮಣ್ಣು ಬದಲಾದ ಕಡೆಯೆಲ್ಲ ಮತ್ತೆ ಮಾಡಬೇಕು. ಗೋಡು ಹೊಡೆಸಿದ ಹೊಲದಲ್ಲಿ ಇದು ಜಾಸ್ತಿ, ಯಾಕೆಂದರೆ ಮೇಲಿನ ಕಪ್ಪು ಪದರ ಒಂದು ಥರ, ಕೆಳಗಿನ ಕೆಂಪು ಇನ್ನೊಂದು ಥರ. ಸೆನ್ಸಿಟಿವಿಟಿ ತುದಿಗೆ ಏರಿಸಿದರೆ ಆಳಕ್ಕೆ ಹೋಗುತ್ತೆ ಅಂದುಕೊಂಡವರೇ ಹೆಚ್ಚು. ಇಂಥ ಮಣ್ಣಿನಲ್ಲಿ ಇಳಿಸಿದರೇನೇ ಕೇಳಿಸೋದು.

ಇನ್ನೊಂದು ವಿಷಯ. ಕಬ್ಬಿಣದ ಸದ್ದು ಪೂರ್ತಿ ಮುಚ್ಚಿಬಿಟ್ಟರೆ ಲಾಳದ ಪಕ್ಕದಲ್ಲೇ ಇರುವ ಕಾಸೂ ಸದ್ದಿಲ್ಲದೆ ಉಳಿದುಹೋಗುತ್ತದೆ. ದೊಡ್ಡ ತಾಮ್ರದ ಕಾಸು ಸಲೀಸಾಗಿ ಸಿಗುತ್ತೆ. "ಹಣ" ಅನ್ನೋ ಚಿನ್ನದ ಸಣ್ಣ ನಾಣ್ಯ ಹಾಗಲ್ಲ. ಅರ್ಧ ಗ್ರಾಂ ಕೂಡ ಇರೋದಿಲ್ಲ, ಹೆಸರುಕಾಳಿಗಿಂತ ಸ್ವಲ್ಪ ಅಗಲ. ಅದಕ್ಕೆ ಹೆಚ್ಚು ಕಿಲೋಹರ್ಟ್ಸ್‌ನ ಮೆಷಿನ್, ಚಿಕ್ಕ ಕಾಯಿಲ್ ಎರಡೂ ಬೇಕು. ಅಗೆದ ಗುಂಡಿ ಮುಚ್ಚಿ ಬನ್ನಿ. ಎತ್ತಿನ ಕಾಲು ಸಿಕ್ಕಿಕೊಂಡರೆ ಮಾವನವರು ಮೆಷಿನ್ನೇ ಮುರಿದಾರು.

ಕರಿಕೋಟು, ತುಮಕೂರು

ಕಾಯಿಲ್, ಕಿಲೋಹರ್ಟ್ಸ್ ಎಲ್ಲ ಸರಿ. ಕಾನೂನಿನ ಮಾತು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ತುಮಕೂರಿನಲ್ಲಿ ವಕೀಲೆ.

ನೆಲದಲ್ಲಿ ಹುದುಗಿದ್ದು ಸಿಕ್ಕರೆ ಅದು ಸಿಕ್ಕವರದ್ದೇ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಪಟ್ಟಾ ಜಮೀನಾದರೂ ಹಾಗಿಲ್ಲ. 1878ರ ನಿಧಿ ಕಾಯ್ದೆ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಹತ್ತು ರೂಪಾಯಿ ಅನ್ನೋದು ಆ ಕಾಲದ್ದು, ಈಗ ಯಾವ ಕಾಸೂ ಅದರ ಕೆಳಗೆ ಬರೋದಿಲ್ಲ. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಎಂದು ಅದರಲ್ಲಿದೆ. ಕರ್ನಾಟಕಕ್ಕೆ 1962ರಲ್ಲಿ ಬಂದ ತನ್ನದೇ ನಿಧಿ ಕಾಯ್ದೆ ಇದೆ. ನಮಗೆ ನಡೆಯೋದು ಅದೇ. ಅದರಲ್ಲೂ ಮೊದಲ ಹೆಜ್ಜೆ ಜಿಲ್ಲಾಧಿಕಾರಿಗೆ ತಿಳಿಸೋದು.

ಜಾಗದ ವಿಷಯ ಇನ್ನೂ ಬಿಗಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಒಳಗೆ ಅನುಮತಿ ಇಲ್ಲದೆ ಅಗೆಯುವ ಹಾಗೇ ಇಲ್ಲ. 2010ರ ತಿದ್ದುಪಡಿ ಆದಮೇಲೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ. ನಂದಿಯ ಭೋಗನಂದೀಶ್ವರ, ಕೋಲಾರಮ್ಮನ ಗುಡಿ, ಆವಣಿ ಇಲ್ಲೆಲ್ಲ ಡಿಟೆಕ್ಟರ್ ಹಿಡಿದು ಓಡಾಡುವುದು ನೇರ ಠಾಣೆಗೆ ದಾರಿ. ಅರಣ್ಯ ಇಲಾಖೆ ಜಾಗವೂ ಬೇಡ.

ಇನ್ನು ಪಾವಗಡ, ಮಧುಗಿರಿ ಕಡೆಯ ಹುಡುಗರು ಕೇಳಿಸಿಕೊಳ್ಳಿ. ಅಮಾವಾಸ್ಯೆ ಹತ್ತಿರ ಪಾಳುಗುಡಿ ಅಗೆಯುವ ನಿಧಿಗಳ್ಳರಿಂದ ಊರುಗಳು ರೋಸಿಹೋಗಿವೆ. ನಿಮ್ಮ ಕೈಲಿ ಮೆಷಿನ್ ನೋಡಿದವರು ಹವ್ಯಾಸ ಅಂತ ಕೇಳ್ತಾ ಕೂರೋದಿಲ್ಲ. ಹಗಲಲ್ಲಿ, ಜಮೀನಿನ ಯಜಮಾನರನ್ನು ಜೊತೆಗಿಟ್ಟುಕೊಂಡೇ ಹೋಗಿ.

ಲಾಭ ನಷ್ಟ, ಬಂಗಾರಪೇಟೆ

ಮೇಡಂ, ಮಾತು ನಿಜ. ಆದರೆ ನಾಲ್ಕು ತಾಮ್ರದ ಕಾಸಿಗೆ ಡಿಸಿ ಆಫೀಸು ಅಲೆಯೋಕಾಗುತ್ತಾ? ನಮ್ಮ ಪರಿಚಯದವರೊಬ್ಬರು ಒಂದು ಕಚೇರಿಗೆ ಕಾಸು ತೆಗೆದುಕೊಂಡು ಹೋದರೆ, ಮೊದಲು ಕೇಳಿದ ಪ್ರಶ್ನೆ "ಉಳಿದಿದ್ದು ಎಲ್ಲಿಟ್ಟಿದ್ದೀಯ" ಅಂತ. ಅವತ್ತಿಂದ ಯಾರೂ ಬಾಯಿ ಬಿಡೋದಿಲ್ಲ.

ಕರಿಕೋಟು, ತುಮಕೂರು

ಆ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೇ ಬರವಣಿಗೆ ಮುಖ್ಯ. ಕಾಸು ಕೈಯಲ್ಲಿ ಹಿಡಿದು ಹೋಗಿ ನಿಂತರೆ ಆರೋಪಿ ಥರ ಕಾಣುತ್ತೀರಿ. ತೂಕ, ಅಳತೆ, ಫೋಟೋ, ಸರ್ವೆ ನಂಬರ್ ಸಮೇತ ಅರ್ಜಿ ಕೊಟ್ಟರೆ ಮುಚ್ಚಿಟ್ಟರು ಎಂದು ಯಾರೂ ಹೇಳೋಕಾಗಲ್ಲ.

1878ರ ಹಳೇ ಕಾಯ್ದೆಯಲ್ಲಿ ಪಾಲಿನ ಲೆಕ್ಕವೂ ಇದೆ. ಸರ್ಕಾರ ಇಟ್ಟುಕೊಳ್ಳದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಸಿಕ್ಕವರಿಗೆ ಮುಕ್ಕಾಲು, ಜಾಗದ ಮಾಲೀಕರಿಗೆ ಕಾಲು. ಆ ಲೆಕ್ಕಕ್ಕೆ ಹೋದರೆ ಭಾಮೈದನಿಗೆ ಮುಕ್ಕಾಲು, ಮಾವನಿಗೆ ಕಾಲು. ಮನೆಯಲ್ಲಿ ಇದನ್ನು ಓದಬೇಡಿ. ಸರ್ಕಾರ ತೆಗೆದುಕೊಂಡರೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ ಅಂತ ಅದೇ ಕಾಯ್ದೆ ಹೇಳುತ್ತದೆ. ತಾಮ್ರದ ಕಾಸಿಗೆ ಇದು ಟೀ ದುಡ್ಡೂ ಆಗೋದಿಲ್ಲ, ಒಪ್ಪುತ್ತೇನೆ. ಜನ ಬಚ್ಚಿಡೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಪಿನಾಕಿನಿ ದಂಡೆ, ಗೌರಿಬಿದನೂರು

ಎಲ್ಲರಿಗೂ ಥ್ಯಾಂಕ್ಸ್. ಚಿನ್ನದ ಅಂಗಡಿಯಲ್ಲಿ ತೂಗಿಸಿದೆ. ಅತ್ತೆಯ ಹುಣಸೆಹಣ್ಣು ಚಟ್ನಿ ಆಯಿತು.

ಒಂದನೆಯದು: ದಪ್ಪ ಬಿಲ್ಲೆ, 11.1 ಗ್ರಾಂ, ಆನೆ ದೊಡ್ಡದು, ಹಿಂದೆ ಉರ್ದು ಥರದ ಬರಹ.
ಎರಡನೆಯದು: 2.4 ಗ್ರಾಂ, ಆನೆ ಮೇಲೆ ಸೂರ್ಯ ಚಂದ್ರ, ನಡುವೆ "ಶ್ರೀ" ಥರ ಏನೋ.
ಮೂರನೆಯದು: 9.2 ಗ್ರಾಂ, ಅಗಲ, ತೆಳು. 1808 ಅಂತ ಸ್ಪಷ್ಟ, ಇಂಗ್ಲಿಷ್ ಅಕ್ಷರ ಇದೆ.
ನಾಲ್ಕನೆಯದು: 3.1 ಗ್ರಾಂ, ಮೊದ್ದು, ಏನೂ ಕಾಣಲ್ಲ. ಒಂದು ಕಡೆ ಬರೀ ಗೀಟು.
ರೂಪಾಯಿ: 11.5 ಗ್ರಾಂ.
ಸೀಸದ ಗೋಲಿ: 31 ಗ್ರಾಂ, ಅಡ್ಡಳತೆ 17 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ಫೋಟೋ ಹಾಕಿದ್ದೇನೆ.

ಕಾಸಿನ ಸಂಚಿ, ಕೋಲಾರ

ಈಗ ಮಾತಾಡಬಹುದು.

ಒಂದನೆಯದು ಟಿಪ್ಪು ಸುಲ್ತಾನನ ಒಂದು ಪೈಸೆ. ತೂಕ ಸರಿಯಾಗಿ ಕೂರುತ್ತದೆ. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ನಕ್ಷತ್ರ, ಗ್ರಹಗಳ ಹೆಸರಿಟ್ಟಿದ್ದ. ಈ ಪೈಸೆಗೆ ಜೋಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಹಿಂದಿನ ಬರಹ ಪರ್ಶಿಯನ್. ನಿಮ್ಮ ಫೋಟೋದಲ್ಲಿ "ಪಟನ್" ಓದಲು ಸಿಗುತ್ತದೆ, ಶ್ರೀರಂಗಪಟ್ಟಣದ ಟಂಕಸಾಲೆ. ಗುತ್ತಿಯಲ್ಲೂ ಟಿಪ್ಪುವಿನ ಟಂಕಸಾಲೆ ಇತ್ತು, ಅದು ನಾಣ್ಯದ ಮೇಲೆ "ಫೈಜ್ ಹಿಸಾರ್" ಅಂತ ಬರುತ್ತದೆ. ಮುಂದೆ ಸಿಕ್ಕರೆ ಅದನ್ನು ಗಮನಿಸಿ, ಪಟನ್‌ಗಿಂತ ಕಡಿಮೆ ಸಿಗೋದು.

ಇಸವಿ ಆನೆಯ ಮೇಲ್ಗಡೆ ಇದೆ. ಅಲ್ಲೇ ಬಹಳ ಜನ ಎಡವುತ್ತಾರೆ. ಟಿಪ್ಪು ತಂದ ಮೌಲೂದಿ ಅನ್ನೋ ಇಸವಿ ಲೆಕ್ಕದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಿಮ್ಮದರಲ್ಲಿ 4221 ಕಾಣುತ್ತಿದೆ, ಅದು 1224. ಅದಕ್ಕೆ 572 ಕೂಡಿಸಿದರೆ 1796. ಅಂದರೆ ಟಿಪ್ಪು ಸಾಯುವ ಮೂರು ವರ್ಷ ಮುಂಚೆ. ಬೆಲೆ? ಈ ಮಟ್ಟಕ್ಕೆ ಸವೆದ ಪಟನ್ ಪೈಸೆ ಕೆಲವು ನೂರು ರೂಪಾಯಿ. ಸಾವಿರಾರು ಸಿಗುತ್ತವೆ, ಅದಕ್ಕೇ. ಟಿಪ್ಪು ಹೆಸರಿಗೆ ಲಕ್ಷ ಅನ್ನೋದು ಯೂಟ್ಯೂಬ್‌ನವರ ಲೆಕ್ಕ.

ಎರಡನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಟಿಪ್ಪು ಹೋದ ಮೇಲೂ ಮೈಸೂರಿನವರು ಆನೆಯನ್ನು ಬಿಡಲಿಲ್ಲ, ಮೇಲೆ ಸೂರ್ಯ ಚಂದ್ರ ಮತ್ತು ಶ್ರೀ ಸೇರಿಸಿದರು. ಇದೂ ಸಾಧಾರಣ ಬೆಲೆಯದ್ದೇ.

ಮೂರನೆಯದು ಮದ್ರಾಸ್ ಪ್ರೆಸಿಡೆನ್ಸಿಯ 20 ಕಾಸು. ಈಸ್ಟ್ ಇಂಡಿಯಾ ಕಂಪನಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆಷಿನ್‌ನಲ್ಲಿ ಹೊಡೆಸಿ ತಂದದ್ದು. 1808ರ ಈ ಕಾಸು ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡ್ನರ್ ಅನ್ನೋ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ಲಕ್ಷಗಟ್ಟಲೆ ಕಾಸು ಎತ್ತಿದರು. ಹೀಗಾಗಿ 1808 ಅಂದರೆ ಜಗತ್ತಿನ ತುಂಬ ಇದೆ. ಇನ್ನೂರು ವರ್ಷ ಹಳೆಯದು ಅನ್ನೋ ಕಾರಣಕ್ಕೇ ಬೆಲೆ ಬರೋದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಅನ್ನೋದರಿಂದ ಬೆಲೆ.

ರೂಪಾಯಿ ನೋಡಿ. 1862 ಎಂದಿದ್ದರೂ ಆ ವರ್ಷದ್ದೇ ಆಗಿರಬೇಕಿಲ್ಲ. 1874ರವರೆಗೂ ಅದೇ ಇಸವಿ ಹಾಕಿ ಹೊಡೆದರು. ಇಸವಿಯ ಕೆಳಗೆ, "ಒನ್ ರುಪಿ" ಮೇಲೆ ಸಣ್ಣ ಚುಕ್ಕೆಗಳಿವೆಯಾ ಅಂತ ಭೂತಗನ್ನಡಿಯಲ್ಲಿ ಎಣಿಸಿ. ಚುಕ್ಕೆ ಲೆಕ್ಕದ ಮೇಲೆ ಬೆಲೆ ಬದಲಾಗುತ್ತದೆ. ಅಪರೂಪದ ಚುಕ್ಕೆ ಅಲ್ಲದಿದ್ದರೆ ಲೆಕ್ಕ ಸುಲಭ. ಹೊಸದಾಗಿದ್ದಾಗ 11.66 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿ. ಸಂತೆಯವರು ಎಲ್ಲ ಸೇರಿಸಿ ಎರಡು ಸಾವಿರ ಎಂದದ್ದು ಯಾಕೆ ಅಂತ ಗೊತ್ತಾಗುತ್ತದೆ.

ನಾಲ್ಕನೆಯದು ನನಗೆ ಕುತೂಹಲ ಹುಟ್ಟಿಸಿದೆ. ಗೀಟು ಅಂದರಲ್ಲ, ಅಡ್ಡ ಉದ್ದ ಎರಡೂ ಇದೆಯಾ? ಇನ್ನೊಂದು ಕಡೆಗೆ ಓರೆ ಬೆಳಕು ಹಾಕಿ ತಿರುಗಿಸುತ್ತಾ ನೋಡಿ.

ನಂದಿ ಗಿರಿಧಾಮ ಬೈಕರ್

ಸೀಸದ ಗೋಲಿ ಬ್ರಿಟಿಷರ ಬಂದೂಕಿನ ಗುಂಡು! 1791ರಲ್ಲಿ ಕಾರ್ನ್‌ವಾಲಿಸ್ ನಂದಿದುರ್ಗ ಹಿಡಿದಾಗಿನದು. ಪಕ್ಕಾ.

ಮೇಷ್ಟ್ರು, ಮಧುಗಿರಿ

ಸ್ವಲ್ಪ ನಿಧಾನ ಮಾಡಪ್ಪ. ಗುಂಡು ಅನ್ನೋದು ಸರಿ ಇರಬಹುದು. ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿಗೆ ಹೆಚ್ಚುಕಮ್ಮಿ ಇದೇ ಅಳತೆಯ, ಇದೇ ತೂಕದ ಗುಂಡು. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿದ್ದದ್ದೂ ನಿಜ. ಆದರೆ ನಂದಿ ಎಲ್ಲಿ, ಗುಡಿಬಂಡೆ ಎಲ್ಲಿ? ಅಂಥ ಬಂದೂಕು ಆಮೇಲೂ ಬಹಳ ಕಾಲ ಜನರ ಕೈಯಲ್ಲಿತ್ತು. ಕಾಡುಹಂದಿ ಹೊಡೆಯಲು ಯಾರೋ ಹಾರಿಸಿದ್ದೂ ಆಗಿರಬಹುದು. ಒಂದೇ ಗುಂಡಿನಿಂದ ಯುದ್ಧ ಕಟ್ಟಬಾರದು.

ನಾನು ಕೇಳಬೇಕೆಂದಿದ್ದದ್ದು ಬೇರೆ. ಪಿನಾಕಿನಿಯವರೇ, ಈ ಕಾಸುಗಳು ಹೊಲದವೋ, ಕೆರೆಯವೋ?

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ದೊಡ್ಡ ಪ್ರಶ್ನೆ. ಎಲ್ಲಿ ನೋಡಿದರೂ ಕೆರೆ, ಎಲ್ಲ ಕೆರೆಯಲ್ಲೂ ಹೂಳು, ಬೇಸಿಗೆ ಬಂದರೆ ಟ್ರ್ಯಾಕ್ಟರ್ ಸಾಲು. ಗೋಡು ಹೊಲಕ್ಕೆ ಬಂದಾಗ ಅದರಲ್ಲಿದ್ದದ್ದೆಲ್ಲ ಜೊತೆಗೆ ಬರುತ್ತದೆ. ಟಿಪ್ಪು ಕಾಸು, ಒಡೆಯರ ಕಾಸು, ಕಂಪನಿ ಕಾಸು, ರಾಣಿ ರೂಪಾಯಿ ಒಂದೇ ಹೊಲದಲ್ಲಿ ಚೆಲ್ಲಾಪಿಲ್ಲಿ ಸಿಕ್ಕಿದೆ ಅಂದರೆ ಯಾರೋ ಒಬ್ಬರು ಕುಡಿಕೆಯಲ್ಲಿ ಹೂತಿಟ್ಟದ್ದಲ್ಲ. ಹರಕೆಗೆ ನೀರಿಗೆ ಎಸೆದದ್ದು, ಬಟ್ಟೆ ಒಗೆಯುವಾಗ ಸೊಂಟದ ಗಂಟಿನಿಂದ ಜಾರಿದ್ದು, ಏರಿ ಮೇಲಿನ ಬಂಡಿದಾರಿಯಲ್ಲಿ ಬಿದ್ದದ್ದು, ಹೀಗೆ ತಲೆಮಾರುಗಟ್ಟಲೆ ಸೇರಿದ್ದು. ಹಾಗಾದರೆ ನೋಡಬೇಕಾದ್ದು ಹೊಲವನ್ನಲ್ಲ, ಗೋಡು ತೆಗೆದ ಮೂಲೆಯನ್ನು. ತೂಬಿನ ಹತ್ತಿರವೋ, ಸೋಪಾನದ ಹತ್ತಿರವೋ, ಟ್ರ್ಯಾಕ್ಟರ್‌ನವನಿಗೆ ಇನ್ನೂ ನೆನಪಿರುತ್ತದೆ. ಈಗಲೇ ಕೇಳಿಬಿಡಿ.

ಕೆರೆ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ ಏರಿ ಮೇಲೆ, ತೂಬಿನ ಮೇಲೆ ಶಾಸನ ಇದೆಯಾ ನೋಡಿ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರದ್ದು, ಹನ್ನೆರಡನೆಯದು ತುಮಕೂರಿನದ್ದು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ, ಹಾಗಾಗಿ ಗುಡಿಬಂಡೆ ಶಾಸನ ಹುಡುಕುವವರು ಕೋಲಾರದ ಸಂಪುಟ ತೆಗೆಯಬೇಕು.

ಪಿನಾಕಿನಿ ದಂಡೆ, ಗೌರಿಬಿದನೂರು

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಟ್ರ್ಯಾಕ್ಟರ್ ಓಡಿಸಿದವನು ಪಕ್ಕದ ಮನೆಯವನೇ, ಕೇಳಿದೆ. ಹಳೇ ತೂಬಿನ ಎಡಗಡೆ ತೆಗೆದದ್ದಂತೆ.

ನಾಲ್ಕನೇ ಕಾಸು: ಗೀಟು ಅಡ್ಡಕ್ಕೂ ಇದೆ ಉದ್ದಕ್ಕೂ ಇದೆ, ಚೌಕಾಬಾರ ಮನೆ ಹಾಕಿದ ಹಾಗೆ. ಇನ್ನೊಂದು ಕಡೆ ಕಿಟಕಿ ಬೆಳಕಲ್ಲಿ ತಿರುಗಿಸಿದಾಗ ಒಂದು ಸುತ್ತು, ಅದರ ಪಕ್ಕ ಕೊಂಡಿ ಥರ. ನನ್ನ ಹೆಂಡತಿ ಅದು ಕನ್ನಡದ ೧೨ ಅಂತಾಳೆ.

ಕಾಸಿನ ಸಂಚಿ, ಕೋಲಾರ

ನಿಮ್ಮ ಮನೆಯವರು ಸರಿಯಾಗಿ ಹೇಳಿದ್ದಾರೆ! ಅದು ಮೈಸೂರಿನ ಅಂಕಿ ಕಾಸು. ಹೈದರ್ ಬರುವುದಕ್ಕೂ ಮುಂಚೆ, ಒಡೆಯರ ಕಾಲದ್ದು ಎಂದು ಎಣಿಸುತ್ತಾರೆ. ಒಂದು ಕಡೆ ಕನ್ನಡ ಅಂಕಿ, ಇನ್ನೊಂದು ಕಡೆ ಚೌಕಳಿ ಗೆರೆ. ರಾಜನ ಹೆಸರಿಲ್ಲ, ಊರಿಲ್ಲ. ಬೇರೆ ಬೇರೆ ಅಂಕಿಯವು ಸಿಗುತ್ತವೆ. ಅಂಕಿಗಳನ್ನೆಲ್ಲ ಸಾಲಾಗಿ ಜೋಡಿಸಬೇಕೆಂದು ಹಠ ಹಿಡಿದವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ದುಡ್ಡಿನ ಲೆಕ್ಕದಲ್ಲಿ ಇದೂ ದೊಡ್ಡದಲ್ಲ. ಆದರೆ ನಿಮ್ಮ ನಾಲ್ಕರಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳೋದು ಇದನ್ನೇ. ಸಂತೆಯವರು ಇದನ್ನು ಗುಜರಿ ತೂಕಕ್ಕೆ ಹಾಕುತ್ತಿದ್ದರು.

ಆವಣಿ ಹುಡುಗಿ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮಜ್ಜಿ ಕುಂಕುಮದ ಭರಣಿಯಲ್ಲಿ ಒಂದು ಚಿಟಿಕೆಯಷ್ಟು ಚಿನ್ನದ ಕಾಸಿದೆ, ಮೇಲೆ ನರಸಿಂಹ ಇದ್ದ ಹಾಗಿದೆ. ಇದನ್ನೂ ಡಿಸಿಗೆ ಹೇಳಬೇಕಾ?

ಕರಿಕೋಟು, ತುಮಕೂರು

ಬೇಡಮ್ಮ. ಮನೆಯಲ್ಲಿ ತಲೆಮಾರಿನಿಂದ ಬಂದದ್ದು ನಿಧಿ ಅಲ್ಲ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆ ಅಡಿ ಪುರಾವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದ ಸೋದರಮಾವನಿಗೆ ಕೊರಿಯರ್ ಮಾಡಬೇಡಿ.

ಕಾಸಿನ ಸಂಚಿ, ಕೋಲಾರ

ಕಂಠೀರವಿ ಹಣ ಇರಬೇಕು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ್ದು. ಹೊಸ ಕಾಲದಲ್ಲಿ ಪೂಜೆಗೆಂದು ಮಾಡಿಸಿದ ನಕಲೂ ಇವೆ, ಅಂಚು ನುಣ್ಣಗಿದ್ದರೆ ಅನುಮಾನಪಡಿ. ಅಷ್ಟು ಸಣ್ಣದನ್ನು ನೀರಲ್ಲಿ ತೂಗಿ ಚಿನ್ನ ಪರೀಕ್ಷೆ ಮಾಡೋದು ಮನೆ ತಕ್ಕಡಿಯಲ್ಲಿ ಆಗದು. ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ತಂದು ಎರಡು ಮೂರು ಮೇಜಿನವರಿಗೆ ತೋರಿಸಿ. ಮಾರುವ ಮಾತು ಎತ್ತದೆ ಕೇಳಿ, ಆಗ ನಿಜ ಹೇಳುತ್ತಾರೆ.

ಚಿಂತಾಮಣಿ ಟೊಮ್ಯಾಟೊ

ತಮಾಷೆ ಬಿಟ್ಟು ಒಂದು ಮಾತು. ನಮ್ಮ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಒಬ್ಬರು ರೈಸ್ ಪುಲ್ಲಿಂಗ್ ಚೊಂಬಿಗೆ ಅಂತ ಸಾಲ ಮಾಡಿ ದುಡ್ಡು ಕಟ್ಟಿದರು. ಅಕ್ಕಿ ಕಾಳು ಎಳೆದರೆ ಕೋಟಿಗಟ್ಟಲೆ, ಒಳಗೆ ಇರಿಡಿಯಂ ಇದೆ ಅಂತ ನಂಬಿಸಿದ್ದರು. ಅದೇ ಗುಂಪಿನವರು 1818ರ ಹನುಮಂತನ ಕಾಸು, ರಾಮ ಪಟ್ಟಾಭಿಷೇಕದ ಕಾಸು ಅಂತಲೂ ಹೊರಟಿದ್ದಾರೆ. ಈಸ್ಟ್ ಇಂಡಿಯಾ ಕಂಪನಿ ಅಂಥ ದೇವರ ಕಾಸು ಹೊಡೆಸಲೇ ಇಲ್ಲ, ಅಲ್ವಾ ಸಂಚಿ ಅಣ್ಣ?

ಕಾಸಿನ ಸಂಚಿ, ಕೋಲಾರ

ಇಲ್ಲವೇ ಇಲ್ಲ. ಅವೆಲ್ಲ ಆಮೇಲೆ ಮಾಡಿದ ಬಿಲ್ಲೆಗಳು, ಪೂಜೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಹಳೇ ಕಾಸು ಮಾರಿಸಿಕೊಡ್ತೀವಿ, ಮೊದಲು ಕಮಿಷನ್, ತೆರಿಗೆ ಕಟ್ಟಿ ಅಂತ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಫೋನ್ ಬಂದರೆ ಇಟ್ಟುಬಿಡಿ. ತಾವು ಇಂಥ ವ್ಯವಹಾರ ಮಾಡೋದಿಲ್ಲ, ಕಮಿಷನ್ ಕೇಳೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳೋದಲ್ಲ.

ಪಿನಾಕಿನಿ ದಂಡೆ, ಗೌರಿಬಿದನೂರು

ಮನೆಯಲ್ಲಿ ಕೂತು ಮಾತಾಡಿದೆವು. ಭಾಮೈದ ಮಾರೋಣ ಎಂದ, ಮಾವ ಒಪ್ಪಲಿಲ್ಲ. ಪಹಣಿ ಅವರ ಹೆಸರಲ್ಲಿದೆ, ಅದಕ್ಕೇ ಅವರಿಗೆ ಭಯ. ಅರ್ಜಿ ಬರೆದಿದ್ದೇವೆ: ಸರ್ವೆ ನಂಬರ್, ಸಿಕ್ಕ ದಿನ, ಗೋಡು ತಂದ ಕೆರೆ ಮತ್ತು ತೂಬು, ಪ್ರತಿ ಕಾಸಿನ ತೂಕ, ಫೋಟೋ. ಸೋಮವಾರ ಚಿಕ್ಕಬಳ್ಳಾಪುರಕ್ಕೆ ಹೋಗ್ತೀವಿ. ಲಾಳದ ಮಂಕರಿಯನ್ನೂ ಸೇರಿಸಬೇಕಾ ಮೇಡಂ?

ಕರಿಕೋಟು, ತುಮಕೂರು

ಲಾಳ ಗುಜರಿಗೆ ಹಾಕಿ. ಗುಂಡನ್ನು ಸೇರಿಸಿ. ಅರ್ಜಿ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಳ್ಳಿ. ಕಾಸು ಒಪ್ಪಿಸಿ ಅಂದರೆ ಒಂದೊಂದರ ತೂಕ ಬರೆಸಿದ ರಸೀದಿ ಇಲ್ಲದೆ ಕೊಡಬೇಡಿ.

ಮೇಷ್ಟ್ರು, ಮಧುಗಿರಿ

ಅರ್ಜಿಯ ಒಂದು ಪ್ರತಿಯನ್ನು ಮೈಸೂರಿನ ರಾಜ್ಯ ಪುರಾತತ್ವ ಇಲಾಖೆಗೂ ಸ್ಪೀಡ್ ಪೋಸ್ಟ್ ಮಾಡಿ. ತೂಬಿನ ಫೋಟೋ ಇದ್ದರೆ ಇಲ್ಲೂ ಹಾಕಿ, ಕಲ್ಲಿನ ಮೇಲೆ ಅಕ್ಷರ ಇದೆಯಾ ನೋಡೋಣ.

ಪಿನಾಕಿನಿ ದಂಡೆ, ಗೌರಿಬಿದನೂರು

ಆಯ್ತು ಮೇಷ್ಟ್ರೇ. ಈಗ ಕೆರೆಯಲ್ಲಿ ನೀರಿದೆ, ತೂಬಿನ ಕಲ್ಲು ಅರ್ಧ ಮುಳುಗಿದೆ. ಕಾಣೋಷ್ಟು ಭಾಗ ನಾಳೆ ತೆಗೆದು ಹಾಕ್ತೀನಿ.